ವೈದ್ಯಕ ಓಲೆಗಳ ಸಸ್ಯನಾಮಗಳೂ ಕೂಮರಿನ್ ಸತ್ವಗಳೂ: ಬಾವಂಚಿ, ಗರುಗ, ಸುರಹೊನ್ನೆ

ಕನ್ನಡ ನಾಡಿನ ಬಸದಿ-ಮಠಗಳ ಭಂಡಾರಗಳಲ್ಲಿ ಉಳಿದು ಬಂದಿರುವ ವೈದ್ಯಕ ಓಲೆಗಳನ್ನು ಪರಿಷ್ಕರಿಸಲು ತೊಡಗುವವರಿಗೆ ಎದುರಾಗುವ ದೊಡ್ಡ ತೊಡಕು ಗಿಡಮೂಲಿಕೆಗಳ ಹೆಸರಿನದು. ಕಾವ್ಯದಲ್ಲಿ ಒಂದು ಹೂವಿನ ಹೆಸರನ್ನು ತಪ್ಪಾಗಿ ಓದಿದರೆ ರಸಕ್ಕೆ ಊನ ಬಂದೀತು. ವೈದ್ಯಗ್ರಂಥದಲ್ಲಿ ತಪ್ಪಿದರೆ ರೋಗಿಯ ದೇಹಕ್ಕೇ ಊನ. ಕಂಟದಿಂದ ಕೊರೆದ ಅಕ್ಷರಕ್ಕೆ ಕಾಡಿಗೆ ಸರಿಯಾಗಿ ಹಿಡಿಯದಿದ್ದಲ್ಲಿ ಮೊದಲು ಅಳಿಸಿಹೋಗುವುದು ಸೊನ್ನೆ. ಹಳೆಯ ಲಿಪಿಯಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘಭೇದ ಕಾಣಿಸದು. ಪಕಾರ ವಕಾರಗಳು ಅವಸರದ ಕೈಯಲ್ಲಿ ಒಂದೇ ಆಗುತ್ತವೆ. ಹೀಗಿರುವಲ್ಲಿ 'ಬಾವಂಚಿ'ಯು 'ಬಾವಚಿ'ಯಾಗುವುದೂ 'ಬೇಲ'ವು 'ಬೆಲ'ವಾಗುವುದೂ ಸಹಜವೇ.

ಇಷ್ಟೇ ಆಗಿದ್ದರೆ ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸಬಹುದಾಗಿತ್ತು. ಪಾಠ ಶುದ್ಧವಾದ ಮೇಲೂ ಅರ್ಥ ನಿರ್ಣಯವಾಗದಿರುವುದು ಎರಡನೆಯ ತೊಡಕು. ಅಮರಕೋಶವು ಸೋಮವಲ್ಲೀ ಎಂಬ ಹೆಸರನ್ನು ಅಮೃತಬಳ್ಳಿಗೆ ಕೊಡುತ್ತದೆ. ಸೋಮವಲ್ಲಿಕಾ ಎಂಬುದನ್ನು ಬಾಕುಚಿಗೆ, ಎಂದರೆ ನಮ್ಮ ಬಾವಂಚಿಗೆ, ಕೊಡುತ್ತದೆ. ಕಾಲಮೇಷೀ ಎಂಬುದು ಬಾಕುಚಿ. ಕಾಲಮೇಷಿಕಾ ಎಂಬುದು ಮಂಜಿಷ್ಠ. ಪ್ರಾಸಕ್ಕೋ ಗಣಕ್ಕೋ ಒಂದು ಅಕ್ಷರವನ್ನು ಕೂಡಿಸಿ ಕಳೆಯುವ ಪದ್ಯಕಾರನ ಕೈಯಲ್ಲಿ ಈ ಭೇದ ನಿಲ್ಲುವುದು ಕಷ್ಟ. ಹೇಮಚಂದ್ರಾಚಾರ್ಯರು ತಮ್ಮ ಅಭಿಧಾನಚಿಂತಾಮಣಿಗೆ ಪೂರಕವಾಗಿ ಸಸ್ಯನಾಮಗಳಿಗೆಂದೇ ನಿಘಂಟುಶೇಷವನ್ನು ರಚಿಸಿ, ಅದನ್ನು ವೃಕ್ಷ, ಗುಲ್ಮ, ಲತಾ, ಶಾಕ, ತೃಣ, ಧಾನ್ಯ ಎಂಬ ಆರು ಕಾಂಡಗಳಾಗಿ ವಿಂಗಡಿಸಿದುದು ಈ ತೊಡಕಿನ ಅರಿವಿನಿಂದಲೇ ಇರಬೇಕು. ಮುನಿ ಪುಣ್ಯವಿಜಯರು ಪರಿಷ್ಕರಿಸಿದ ಈ ಗ್ರಂಥ 1968ರಲ್ಲಿ ಅಹಮದಾಬಾದಿನಿಂದ ಪ್ರಕಟವಾಯಿತು. ಕನ್ನಡದ ವೈದ್ಯಕ ಪಾಠಗಳನ್ನು ಓದುವವರು ಇದನ್ನು ಬಳಸುವುದು ವಿರಳವೆಂಬುದು ವಿಷಾದದ ಸಂಗತಿ.

ಜೈನ ಪರಂಪರೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಭಾರವೂ ಉಂಟು. ದ್ವಾದಶಾಂಗದ ಪೂರ್ವಗಳಲ್ಲಿ ಒಂದಾದ ಪ್ರಾಣಾವಾಯವನ್ನು ವೈದ್ಯಶಾಸ್ತ್ರದ ಮೂಲವೆಂದು ಅಂಗೀಕರಿಸಿದ ಉಗ್ರಾದಿತ್ಯಾಚಾರ್ಯನು ತನ್ನ ಸಂಸ್ಕೃತ ಕಲ್ಯಾಣಕಾರಕದ ಕೊನೆಗೆ ಸೇರಿಸಿರುವ ಹಿತಾಹಿತ ಪ್ರಕರಣದಲ್ಲಿ ಮಾಂಸೌಷಧವನ್ನು ಖಂಡಿಸಿದ್ದಾನೆ. ರಾಷ್ಟ್ರಕೂಟ ನೃಪತುಂಗನ ಸಭೆಯಲ್ಲಿ ಈ ವಾದವನ್ನು ಮಂಡಿಸಿದುದಾಗಿ ಗ್ರಂಥವೇ ಹೇಳುತ್ತದೆ. 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದಾಗಲೂ ಮದ್ಯಮಾಂಸಗಳಿಲ್ಲದ ಚಿಕಿತ್ಸೆಯನ್ನೇ ಹೇಳಿದನು. ಮಾಂಸರಸ, ಸುರೆ, ಆಸವಗಳನ್ನು ಬಿಟ್ಟ ವೈದ್ಯನಿಗೆ ಗಿಡವೊಂದೇ ಆಧಾರ. ಆ ಗಿಡ ಯಾವುದೆಂಬುದು ತಪ್ಪಿದರೆ ಅವನ ಕೈಯಲ್ಲಿ ಉಳಿಯುವುದೇನು?

ಇತ್ತೀಚಿನ ದಶಕಗಳಲ್ಲಿ ಈ ತೊಡಕಿಗೆ ರಸಾಯನಶಾಸ್ತ್ರದಿಂದ ಪರಿಹಾರ ಹುಡುಕುವ ಪ್ರವೃತ್ತಿ ಬೆಳೆದಿದೆ. ಒಂದು ಹೆಸರಿಗೆ ಎರಡು ಗಿಡಗಳ ಸಂಶಯವಿದ್ದಲ್ಲಿ, ಯಾವುದರಲ್ಲಿ ರೋಗಕ್ಕೆ ತಕ್ಕ ಸತ್ವವಿದೆಯೋ ಅದೇ ಗ್ರಂಥಕಾರನ ಗಿಡ ಎಂಬುದು ಆ ವಾದ. ನೋಡಲು ಇದು ಯುಕ್ತವಾಗಿಯೇ ತೋರುತ್ತದೆ. ಇದರ ಬಲಾಬಲವನ್ನು ಪರೀಕ್ಷಿಸಲು ಕೂಮರಿನ್ ಎಂಬ ಸತ್ವವರ್ಗ ಒಳ್ಳೆಯ ನಿಕಷ. ಏಕೆಂದರೆ ನಮ್ಮ ಓಲೆಗಳಲ್ಲಿ ಮತ್ತೆ ಮತ್ತೆ ಬರುವ ಹಲವು ಗಿಡಗಳು ಈ ವರ್ಗಕ್ಕೆ ಆಶ್ರಯವಾಗಿವೆ.

ಕೂಮರಿನ್ ಎಂಬ ಹೆಸರು ದಕ್ಷಿಣ ಅಮೆರಿಕದ ಟೊಂಕಾ ಮರದ ದೇಶ್ಯನಾಮದಿಂದ ಬಂದುದು. 1820ರಲ್ಲಿ ಫೋಗೆಲ್ ಎಂಬ ಜರ್ಮನ್ ವಿದ್ವಾಂಸನು ಆ ಮರದ ಬೀಜದಿಂದ ಇದರ ಹರಳನ್ನು ಪಡೆದು, ಲೋಬಾನದ ಆಮ್ಲವೆಂದು ಭ್ರಮಿಸಿದನು; ಅದೇ ವರ್ಷ ಫ್ರಾನ್ಸಿನ ಗಿಬೂರ್ ಅದು ಬೇರೆಯ ವಸ್ತುವೆಂದು ಗುರುತಿಸಿದನು. 1868ರಲ್ಲಿ ಇಂಗ್ಲೆಂಡಿನ ಪರ್ಕಿನ್ ಅದನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ತಯಾರಿಸಿದನು. ಬೆಂಜೀನಿನ ಉಂಗುರಕ್ಕೆ ಆಮ್ಲಜನಕವುಳ್ಳ ಇನ್ನೊಂದು ಉಂಗುರ ಬೆಸೆದುಕೊಂಡಿರುವುದು ಇದರ ರಚನೆ. ಈ ಮೂಲಕ್ಕೆ ಬೇರೆ ಬೇರೆ ಸ್ಥಾನಗಳಲ್ಲಿ ಬೇರೆ ಬೇರೆ ಗುಂಪುಗಳು ಸೇರಿ ಆದ 1300ಕ್ಕೂ ಹೆಚ್ಚು ನೈಸರ್ಗಿಕ ಸತ್ವಗಳು ಈವರೆಗೆ ತಿಳಿದಿವೆ.

ಗುಣವನ್ನು ನಿರ್ಧರಿಸುವುದು ಹೀಗೆ ಸೇರಿದ ಗುಂಪುಗಳೇ. ಬರಿಯ ಕೂಮರಿನ್ನಿನಲ್ಲಿ ಉತ್ಕರ್ಷಣವನ್ನು ತಡೆಯುವ ಶಕ್ತಿ ಇಲ್ಲವೆನ್ನುವಷ್ಟು ಅಲ್ಪ. ಏಳನೆಯ ಸ್ಥಾನದಲ್ಲಿ ಒಂದು ಹೈಡ್ರಾಕ್ಸಿಲ್ ಗುಂಪು ಸೇರಿದ ಅಂಬೆಲಿಫೆರೋನಿನಲ್ಲಿ ಅದು ತಲೆದೋರುತ್ತದೆ. ಆರು ಮತ್ತು ಏಳನೆಯ ಸ್ಥಾನಗಳಲ್ಲಿ ಅಕ್ಕಪಕ್ಕ ಎರಡು ಗುಂಪುಗಳಿರುವ ಎಸ್ಕ್ಯುಲೆಟಿನ್ನಿನಲ್ಲಿ ಅದು ಪ್ರಬಲ. ಅದು ತನ್ನ ಜಲಜನಕವನ್ನು ದೇಹಕೋಶಕ್ಕೆ ಹಾನಿಮಾಡುವ ಉಗ್ರಕಣಕ್ಕೆ ಕೊಟ್ಟು ಅದನ್ನು ಶಮನಗೊಳಿಸುತ್ತದೆ. ತಾನು ಮಾತ್ರ ಸ್ಥಿರವಾಗಿ ನಿಲ್ಲುತ್ತದೆ. ಅಂತಹ ಕಣಗಳ ಉತ್ಪತ್ತಿಗೆ ಕಾರಣವಾಗುವ ಕಬ್ಬಿಣವನ್ನೂ ಹಿಡಿದಿಡುತ್ತದೆ. ಇನ್ನು ಉರಿಯೂತವನ್ನು ತಗ್ಗಿಸುವ ಗುಣ. ಅದಕ್ಕೆ ಈ ವರ್ಗದ ಹಲವು ಸತ್ವಗಳು ಲೈಪಾಕ್ಸಿಜಿನೇಸ್ ಮೊದಲಾದ ಕಿಣ್ವಗಳನ್ನು ತಡೆಯುವುದು ಒಂದು ಕಾರಣ.

ಬಾವಂಚಿಯ ವಿಚಾರಕ್ಕೆ ಬರಬಹುದು. ಶ್ವಿತ್ರ ಅಥವಾ ಕಿಲಾಸ, ಎಂದರೆ ತೊನ್ನು, ಅಂಟುರೋಗವಲ್ಲ, ನೋವೂ ಇಲ್ಲ. ಆದರೂ ಶಾಸ್ತ್ರಕಾರರು ಅದನ್ನು ಕುಷ್ಠದ ಜೊತೆಗೆ ಹೇಳಿದುದರಿಂದ ತೊನ್ನು ಬಂದವರು ಪಂಕ್ತಿಯಿಂದಲೂ ವಿವಾಹದಿಂದಲೂ ದೂರವಿರಬೇಕಾದ ದುಃಖ ಅನೇಕ ತಲೆಮಾರುಗಳಿಗೆ ತಪ್ಪಲಿಲ್ಲ. ಈ ರೋಗಕ್ಕೆ ನಿಘಂಟುಗಳೂ ವೈದ್ಯರೂ ಒಮ್ಮತದಿಂದ ಹೇಳುವ ಮದ್ದು ಬಾವಂಚಿಯ ಬೀಜ. ಚರಕಸಂಹಿತೆಯ ಕುಷ್ಠಚಿಕಿತ್ಸೆಯಲ್ಲಿ ಶ್ವಿತ್ರಕ್ಕೆ ಇನ್ನೊಂದು ಕ್ರಮವಿದೆ: ಕಾಡತ್ತಿಯ ರಸವನ್ನು ಬೆಲ್ಲದೊಡನೆ ಕುಡಿದು, ಮೈಗೆ ಸ್ನೇಹವನ್ನು ಲೇಪಿಸಿಕೊಂಡು, ಶಕ್ತ್ಯನುಸಾರ ಬಿಸಿಲಿಗೆ ಮೈಯೊಡ್ಡಬೇಕು, ಆಗ ಬಿಳಿಯ ಮಚ್ಚೆಯ ಮೇಲೆ ಏಳುವ ಬೊಬ್ಬೆಗಳನ್ನು ಮುಳ್ಳಿನಿಂದ ಒಡೆಯಬೇಕು.

ಇಲ್ಲಿ ಗಮನಿಸಬೇಕಾದುದು ಬಿಸಿಲು. ಅತ್ತಿಯ ಬಂಧುವಾದ ಅಂಜೂರದ ಎಲೆಯಲ್ಲೂ ಬಾವಂಚಿಯ ಬೀಜದಲ್ಲೂ ಸೋರಾಲೆನ್ ಎಂಬ ಫ್ಯೂರೊಕೂಮರಿನ್ ಇದೆ. ಇದು ತಾನಾಗಿ ಚರ್ಮದ ಬಣ್ಣವನ್ನು ಮರಳಿಸದು. ಬಿಸಿಲಿನಲ್ಲಿರುವ 320ರಿಂದ 400 ನ್ಯಾನೋಮೀಟರ್ ಅಲೆಯುದ್ದದ ಅತಿನೇರಳೆ ಕಿರಣ ತಗುಲಿದಾಗ ಅದು ಜೀವಕೋಶದ ವಂಶತಂತುವಿಗೆ ಬೆಸೆದುಕೊಳ್ಳುತ್ತದೆ. ಅಳತೆ ಮೀರಿದರೆ ಬೊಬ್ಬೆ, ಅಳತೆಯಲ್ಲಿದ್ದರೆ ರೋಮಕೂಪಗಳ ಬುಡದಿಂದ ಚುಕ್ಕೆ ಚುಕ್ಕೆಯಾಗಿ ಬಣ್ಣ ಮರಳುವುದು. ಸಂಹಿತಾಕಾರನಿಗೆ ಕಿರಣದ ಅಲೆಯುದ್ದ ಗೊತ್ತಿರಲಿಲ್ಲ. ಮದ್ದು, ಬಿಸಿಲು, ಬೊಬ್ಬೆ ಈ ಮೂರರ ಅನುಕ್ರಮವನ್ನು ಮಾತ್ರ ಆತ ತಪ್ಪದೆ ಕಂಡು ಬರೆದಿಟ್ಟನು. ಅವನಿಗೆ ಸಲ್ಲಬೇಕಾದ ಗೌರವಕ್ಕೆ ಇಷ್ಟೇ ಸಾಕು. ಪ್ರಾಚೀನರು ದ್ಯುತಿರಸಾಯನವನ್ನು ಬಲ್ಲವರಾಗಿದ್ದರೆಂದು ಸಾರುವವರು ಅವನ ನಿಜವಾದ ಸಾಧನೆಯನ್ನೇ ಮರೆಮಾಡುತ್ತಾರೆ.

ಇದೇ ಅನುಕ್ರಮ ಬೇರೊಂದು ನಾಡಿನಲ್ಲಿ ಬೇರೊಂದು ಗಿಡದೊಡನೆ ದಾಖಲಾಗಿರುವುದು ಸ್ವಾರಸ್ಯಕರ. 1248ರಲ್ಲಿ ತೀರಿಕೊಂಡ ಅರಬ್ಬಿ ಸಸ್ಯಜ್ಞ ಇಬ್ನ್ ಅಲ್-ಬೈತಾರ್, ಉತ್ತರ ಆಫ್ರಿಕದ ಬರ್ಬರ್ ಕುಲದವರು ಅತ್ರಿಲಾಲ್ ಎಂಬ ಗಿಡದ ಬೀಜವನ್ನು ತೊನ್ನಿಗೆ ಕೊಟ್ಟು ರೋಗಿಯನ್ನು ಬಿಸಿಲಿನಲ್ಲಿ ಕೂರಿಸುತ್ತಿದ್ದುದನ್ನು ತನ್ನ ಔಷಧಕೋಶದಲ್ಲಿ ಬರೆದಿದ್ದಾನೆ. 1947ರಲ್ಲಿ ಈಜಿಪ್ಟಿನ ಫಹ್ಮಿ ಮತ್ತು ಅಬು-ಶಾದಿ ಆ ಬೀಜದಿಂದ ಸೋರಾಲೆನ್ನಿನ ಬಂಧುಸತ್ವಗಳನ್ನು ಬೇರ್ಪಡಿಸಿದರು. ಮರುವರ್ಷ ಕೈರೋ ನಗರದ ವೈದ್ಯ ಎಲ್ ಮೋಫ್ತಿ ಅವನ್ನು ರೋಗಿಗಳಿಗೆ ಕೊಟ್ಟು ಪಡೆದ ಫಲವನ್ನು ಪ್ರಕಟಿಸಿದನು. ಪಾಶ್ಚಾತ್ಯ ಚರಿತ್ರಕಾರರು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಂದ ಆರಂಭಿಸುತ್ತಾರೆ. ಆದರೆ ಬಾವಂಚಿಯ ಬೀಜದಿಂದ ಸೋರಾಲೆನ್ನನ್ನು ಬೇರ್ಪಡಿಸಿದ ಸಂಗತಿ ಅದಕ್ಕೂ ಮೊದಲೇ, 1933ರಲ್ಲಿ, ಭಾರತೀಯ ರಸಾಯನ ಸಂಘದ ಪತ್ರಿಕೆಯಲ್ಲಿ ಎಚ್. ಎಸ್. ಜೋಯಿಸ್, ಬಿ. ಎಲ್. ಮಂಜುನಾಥ, ಎಸ್. ವೆಂಕಟರಾವ್ ಇವರ ಹೆಸರಿನಲ್ಲಿ ಪ್ರಕಟವಾಗಿತ್ತು. 1936ರಲ್ಲಿ ಜೋಯಿಸ್ ಮತ್ತು ಮಂಜುನಾಥರು ವಿಯೆನ್ನಾದ ಸ್ಪೇಟ್ ಮತ್ತು ಪೈಲರ್ ಇವರೊಡಗೂಡಿ ಅದರ ರಚನೆಯನ್ನು ನಿರ್ಣಯಿಸಿ ಕೃತಕವಾಗಿ ತಯಾರಿಸಿಯೂ ತೋರಿಸಿದರು. ಸೋರಾಲೆನ್ ಎಂಬ ಹೆಸರಿನ ಮೂಲವೇ ಬಾವಂಚಿಯ ಶಾಸ್ತ್ರೀಯನಾಮವಾದ ಸೋರಾಲಿಯ.

1974ರಲ್ಲಿ ಅಮೆರಿಕದ ವೈದ್ಯರು ಈ ವರ್ಗದ ಗುಳಿಗೆಯನ್ನೂ ಕೃತಕ ಕಿರಣವನ್ನೂ ಜೋಡಿಸಿ ಸೋರಿಯಾಸಿಸ್ ಎಂಬ ಚರ್ಮದ ಉರಿಯೂತಕ್ಕೆ ಚಿಕಿತ್ಸೆ ಆರಂಭಿಸಿದರು. ಕಿರಣ ತಗುಲಿದ ಸೋರಾಲೆನ್, ಉರಿಯೂತವನ್ನು ಕೆರಳಿಸುವ ಬಿಳಿಯ ರಕ್ತಕಣಗಳನ್ನು ಕುಂದಿಸುವುದು ಅದರ ಮರ್ಮ. ದೀರ್ಘಕಾಲದ ಬಳಕೆಯಿಂದ ಚರ್ಮದ ಅರ್ಬುದದ ಭಯವೂ ಉಂಟೆಂದು ಮುಂದೆ ತಿಳಿದುಬಂದಿತು. ಇಂದು ಹೆಚ್ಚಿನ ಕಡೆ ಗುಳಿಗೆ ಬೇಡದ ಬೇರೆ ಕಿರಣಚಿಕಿತ್ಸೆ ಅದರ ಸ್ಥಾನಕ್ಕೆ ಬಂದಿದೆ. ಬಾವಂಚಿ ಬೀಜದಲ್ಲಿರುವ ಬಾಕುಚಿಯೋಲ್ ಎಂಬ ಇನ್ನೊಂದು ಸತ್ವವನ್ನು 1966ರಲ್ಲಿ ಮೆಹ್ತಾ, ನಾಯಕ್, ಸುಖದೇವ್ ಇವರು ಪ್ರಕಟಿಸಿದರು. ಉತ್ಕರ್ಷಣವನ್ನು ತಡೆಯುವ ಗುಣ ಇದಕ್ಕೆ ಚೆನ್ನಾಗಿದೆ, ಆದರೆ ಇದು ಕೂಮರಿನ್ ವರ್ಗಕ್ಕೆ ಸೇರಿದುದಲ್ಲ. ಒಂದೇ ಬೀಜದ ಗುಣವನ್ನೆಲ್ಲ ಒಂದೇ ಸತ್ವದ ಲೆಕ್ಕಕ್ಕೆ ಬರೆಯುವವರು ಇದನ್ನು ನೆನಪಿಡಬೇಕು.

ಗರುಗದ ಸೊಪ್ಪಿಗೆ, ಎಂದರೆ ಭೃಂಗರಾಜಕ್ಕೆ, ಹಸ್ತಪ್ರತಿಗಳೊಡನೆ ಇಮ್ಮಡಿ ಸಂಬಂಧ. ಮದ್ದಿನ ಪಟ್ಟಿಯಲ್ಲಿ ಅದರ ಹೆಸರು ಬರುತ್ತದೆ. ಪಶ್ಚಿಮ ಭಾರತದ ಜೈನ ಲಿಪಿಕಾರರು ಕಾಡಿಗೆಯ ಮಸಿಯನ್ನು ಅರೆಯುವಾಗ ಅದರ ರಸವನ್ನೂ ಸೇರಿಸುತ್ತಿದ್ದುದರಿಂದ ಪಟ್ಟಿಯನ್ನು ಬರೆದ ಮಸಿಯಲ್ಲೂ ಅದು ಇರುತ್ತಿತ್ತು. ಈ ಗಿಡದ ಮುಖ್ಯ ಸತ್ವವಾದ ವೆಡೆಲೊಲ್ಯಾಕ್ಟೋನ್ ಕೂಮರಿನ್ನಿನ ಒಂದು ಶಾಖೆಗೆ ಸೇರಿದುದು. 1956ರಲ್ಲಿ ಮದರಾಸಿನ ಗೋವಿಂದಾಚಾರಿ ಮತ್ತು ಸಂಗಡಿಗರು ಅದರ ರಚನೆಯನ್ನು ಬಿಡಿಸಿದರು. 1986ರಲ್ಲಿ ಜರ್ಮನಿಯ ವಾಗ್ನರ್ ಮತ್ತು ಫೆಸ್ಲರ್, ಉರಿಯೂತಕ್ಕೆ ಕಾರಣವಾಗುವ ಲೈಪಾಕ್ಸಿಜಿನೇಸ್ ಕಿಣ್ವವನ್ನು ಅದು ತಡೆಯುವುದನ್ನು ತೋರಿಸಿದರು. 1989ರಲ್ಲಿ ಬ್ರೆಜಿಲಿನ ವಿದ್ವಾಂಸರು ಈ ಗಿಡದ ಸಾರವು ಇಲಿಗಳಲ್ಲಿ ಒಂದು ಬಗೆಯ ಹಾವಿನ ವಿಷವನ್ನು ಕುಂದಿಸಿತೆಂದು ವರದಿ ಮಾಡಿದರು. 14ನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣದಂತಹ ವಿಷವೈದ್ಯ ಗ್ರಂಥವುಳ್ಳ ಭಾಷೆಯವರಿಗೆ ಈ ವರದಿ ಹೆಮ್ಮೆ ತರುವುದು ಸಹಜ. ಆದರೆ ವಿಷವನ್ನು ಸಾರದೊಡನೆ ಮೊದಲೇ ಬೆರೆಸಿ ಮಾಡುವ ಪ್ರಯೋಗ ಬೇರೆ, ಹಾವು ಕಚ್ಚಿದ ಮನುಷ್ಯ ಬೇರೆ. ಕಚ್ಚಿದವನಿಗೆ ಆಸ್ಪತ್ರೆಯ ಪ್ರತಿವಿಷದ ಚುಚ್ಚುಮದ್ದೇ ಗತಿ. ಓಲೆಯನ್ನು ಸಂಪಾದಿಸುವವರು ಟಿಪ್ಪಣಿಯಲ್ಲಿ ಇದನ್ನು ಹೇಳದೆ ಬಿಡುವುದು ಸಲ್ಲದು.

ಮೇಲೆ ಹೇಳಿದ ವಾದಕ್ಕೆ ನಿಜವಾದ ಪರೀಕ್ಷೆ ಒಡ್ಡುವುದು ಪುನ್ನಾಗ. ಅಮರಕೋಶದಲ್ಲಿ ಕೇಸರ ಎಂಬ ಹೆಸರು ಪುನ್ನಾಗಕ್ಕೂ ಬಕುಲಕ್ಕೂ ನಾಗಕೇಸರಕ್ಕೂ ಸಲ್ಲುತ್ತದೆ. ಪುನ್ನಾಗವೆಂದರೆ ಸುರಹೊನ್ನೆ ಎಂಬುದು ಹೆಚ್ಚಿನವರ ಮತ; ಅಮರಸಿಂಹನು ಪುನ್ನಾಗಕ್ಕೆ ಕೊಡುವ ದೇವವಲ್ಲಭ ಎಂಬ ಹೆಸರಿನ ಛಾಯೆ 'ಸುರ' ಎಂಬುದರಲ್ಲಿ ಉಳಿದಿದೆಯೆಂದು ಊಹಿಸಲು ಅವಕಾಶವಿದೆ. ಸುರಗಿಯನ್ನು ಪುನ್ನಾಗವೆನ್ನುವವರೂ ಇದ್ದಾರೆ. ಇನ್ನು ಬರಿಯ 'ಹೊನ್ನೆ' ಎಂದು ಓಲೆಯಲ್ಲಿದ್ದರೆ ಅದು ಅಸನವೃಕ್ಷವಾಗಬಹುದು. ಮಧುಮೇಹಕ್ಕೆ ಅದರ ಮರದ ಬಟ್ಟಲಿನಲ್ಲಿ ನೀರಿಟ್ಟು ಕುಡಿಯುವ ವಾಡಿಕೆ ಇಂದಿಗೂ ಉಂಟು. ಸುರಹೊನ್ನೆಗೂ ಅದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ.

ಜೈನ ಇತಿಹಾಸದ ವಿದ್ಯಾರ್ಥಿಗಳಿಗೆ ಈ ಮರದ ಹೆಸರು ವೈದ್ಯಕ್ಕಿಂತ ಮೊದಲು ಶಾಸನಗಳಿಂದ ಪರಿಚಿತ. ಯಾಪನೀಯ ಸಂಘದ ಪುನ್ನಾಗವೃಕ್ಷಮೂಲಗಣದ ಮುನಿಗಳು ಕರ್ನಾಟಕದ ಹಲವು ಶಾಸನಗಳಲ್ಲಿ ಕಾಣುತ್ತಾರೆ. ತುಮಕೂರು ಜಿಲ್ಲೆಯ ಕಡಬದಲ್ಲಿ ದೊರೆತ ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ತಾಮ್ರಶಾಸನದಲ್ಲಿ ಈ ಗಣದ ಅರ್ಕಕೀರ್ತಿಗೆ ದತ್ತಿ ಕೊಟ್ಟ ಉಲ್ಲೇಖವಿದೆ. ಚಾಲುಕ್ಯ ವಿಮಲಾದಿತ್ಯನ ಶನಿಪೀಡೆಯನ್ನು ಆ ಮುನಿ ನಿವಾರಿಸಿದುದು ದಾನಕ್ಕೆ ನಿಮಿತ್ತ. ಶಾಸನದ ಕಾಲ ಶಕ 735, ಎಂದರೆ ಕ್ರಿ. ಶ. 812, ಅದರ ಪ್ರಾಮಾಣ್ಯವನ್ನು ಕೆಲವರು ಶಂಕಿಸಿದ್ದಾರೆ. ಮರದ ಬುಡದಲ್ಲಿ ನೆಲೆನಿಂತ ಗಣಕ್ಕೆ ಆ ಮರದ ಹೆಸರು ಬಂದಿರಬೇಕು. ಆ ಮರ ಯಾವುದೆಂಬ ಪ್ರಶ್ನೆಯನ್ನು ಶಾಸನತಜ್ಞರು ಎತ್ತಿದ್ದು ಕಡಿಮೆ.

ಸುರಹೊನ್ನೆಯ ಬೀಜದಲ್ಲಿ ಕ್ಯಾಲೊಫಿಲೊಲೈಡ್ ಎಂಬ ಕೂಮರಿನ್ ಇದೆ. ಅದು ಬಾವನ್ನು ತಗ್ಗಿಸುವುದನ್ನು ಭಾರತದ ಭಲ್ಲ, ಸಕ್ಸೇನ ಮೊದಲಾದವರು 1980ರಲ್ಲಿ ಪ್ರಕಟಿಸಿದರು. ಹಾಗಾದರೆ ಬಾವಿಗೆ ಪುನ್ನಾಗದ ಎಣ್ಣೆಯನ್ನು ಹೇಳುವ ಪದ್ಯ ಎದುರಾದಾಗ ಪುನ್ನಾಗವೆಂದರೆ ಸುರಹೊನ್ನೆಯೇ ಎಂದು ನಿರ್ಣಯಿಸಬಹುದೆ? ಆಗದು. ಸುರಗಿಯಲ್ಲಿಯೂ ಸುರಂಗಿನ್ ಎಂಬ ಕೂಮರಿನ್‌ಗಳಿವೆ. ಅವುಗಳ ಹೆಸರೇ ಆ ಮರದಿಂದ ಬಂದುದು. ಎರಡೂ ಮರಗಳು ಒಂದೇ ವರ್ಗದ ಸತ್ವವನ್ನು ಹೊತ್ತು ನಿಂತಿರುವಾಗ ರಸಾಯನದ ತಕ್ಕಡಿ ಯಾವ ಕಡೆಗೂ ವಾಲದು. ವಾಲಿದಂತೆ ಕಂಡಲ್ಲಿಯೂ ಅದು ವಾದಿಯ ಬೆರಳಿನ ಭಾರವಾಗಿರುತ್ತದೆ: ಸತ್ವವಿದೆಯೆಂದು ಪಾಠವನ್ನು ಆರಿಸುವುದು, ಆರಿಸಿದ ಪಾಠವನ್ನೇ ತೋರಿಸಿ ಪ್ರಾಚೀನರಿಗೆ ಸತ್ವ ತಿಳಿದಿತ್ತೆನ್ನುವುದು. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯವೆಂದು ಹೆಸರು. ಅಕಲಂಕರನ್ನೂ ವಿದ್ಯಾನಂದಿಗಳನ್ನೂ ಓದಿದವರು ಈ ದೋಷಕ್ಕೆ ಒಳಗಾಗಬಾರದು.

ರೋಗದ ಹೆಸರುಗಳಲ್ಲಿಯೂ ಇದೇ ಅಪಾಯ ಉಂಟು. ಚರಕನ 50 ಮಹಾಕಷಾಯಗಳಲ್ಲಿ ಶ್ವಯಥುಹರವೆಂಬ ಗಣವು ದಶಮೂಲದ ಹತ್ತು ಗಿಡಗಳಿಂದಲೇ ಕೂಡಿದುದು. ಅವುಗಳಲ್ಲಿ ಬಿಲ್ವವೂ ಒಂದು. ಬಿಲ್ವದ ಬೇರಿನ ತೊಗಟೆಯಲ್ಲಿ ಅಂಬೆಲಿಫೆರೋನ್ ಮತ್ತು ಮಾರ್ಮಿನ್ ಎಂಬ ಕೂಮರಿನ್‌ಗಳಿವೆ. ಹಣ್ಣಿನಲ್ಲಿ ಮೊದಲು ಮಾರ್ಮೆಲೋಸಿನ್ ಎಂದು ಹೆಸರಿಟ್ಟ ಸತ್ವ ಇಂಪೆರಟೋರಿನ್ ಎಂದು ಆಮೇಲೆ ತಿಳಿಯಿತು. ಇಷ್ಟನ್ನು ಆಧರಿಸಿ ಶ್ವಯಥುಹರವೆಂದರೆ ಉರಿಯೂತನಿವಾರಕ ಎಂದು ಅನುವಾದಿಸಿ ಮುಗಿಸುವ ರೂಢಿ ಬಂದಿದೆ. ಶ್ವಯಥು, ಶೋಥ, ಶೋಫ ಎಂಬುವು ಬಾವನ್ನು ಮಾತ್ರ ಹೇಳುತ್ತವೆ. ಹೃದಯ ಕುಂದಿ ಕಾಲಿಗೆ ನೀರಿಳಿದರೂ ಅದು ಶೋಥವೇ. ಉರಿಯೂತಕ್ಕೆ ಹತ್ತಿರವಾದುದು ದಾಹ, ರಾಗ, ಪಾಕಗಳೊಡನೆ ಬರುವ ವ್ರಣಶೋಫ. ಎರಡಕ್ಕೂ ಒಂದೇ ಕನ್ನಡ ಮಾತನ್ನು ಬಳಸಿದ ಅನುವಾದ ಓದುಗರನ್ನು ದಾರಿ ತಪ್ಪಿಸುತ್ತದೆ. ಉತ್ಕರ್ಷಣನಿರೋಧಕ್ಕಂತೂ ಪ್ರಾಚೀನ ಪರಿಭಾಷೆಯಲ್ಲಿ ಸಮಾನಪದವೇ ಇಲ್ಲ. ರಸಾಯನವೆಂಬುದನ್ನು ಅದರ ಪರ್ಯಾಯವಾಗಿ ಬಳಸುವುದು ಎರಡು ಶಾಸ್ತ್ರಗಳಿಗೂ ಮಾಡುವ ಅನ್ಯಾಯ.

ಕೂಮರಿನ್ ವರ್ಗವೆಲ್ಲ ಸೌಮ್ಯವೆಂಬ ನಂಬಿಕೆಯೂ ಸರಿಯಲ್ಲ. ಅಮೆರಿಕದಲ್ಲಿ ಬೂಸಲು ಹಿಡಿದ ಸಿಹಿ ಕ್ಲೋವರ್ ಮೇವನ್ನು ತಿಂದ ದನಗಳು ರಕ್ತ ಹೆಪ್ಪುಗಟ್ಟದೆ ಸಾಯುತ್ತಿದ್ದುವು. ವಿಸ್ಕಾನ್ಸಿನ್ನಿನ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು 1939ರಲ್ಲಿ ಅದರಿಂದ ಬೇರ್ಪಡಿಸಿದ ಡೈಕೂಮರಾಲ್ ಎಂಬುದೇ ಅದಕ್ಕೆ ಕಾರಣ. ಬೂಸಲು ಮೇವಿನ ಕೂಮರಿನ್ನನ್ನು ಆ ವಿಷವಾಗಿ ಮಾರ್ಪಡಿಸುತ್ತಿತ್ತು. ಆ ಜಾಡಿನಲ್ಲಿಯೇ 1948ರಲ್ಲಿ ಇಲಿಪಾಷಾಣವಾಗಿ ಬಂದ ವಾರ್ಫರಿನ್ ಮುಂದೆ ಹೃದ್ರೋಗಿಗಳ ಔಷಧವೂ ಆಯಿತು. ಬರಿಯ ಕೂಮರಿನ್ನನ್ನು ಆಹಾರಕ್ಕೆ ಬೆರೆಸುವುದನ್ನು ಅಮೆರಿಕ ಸರ್ಕಾರ 1954ರಲ್ಲಿ ನಿಷೇಧಿಸಿತು; ಯಕೃತ್ತಿಗೆ ಅದರಿಂದ ಹಾನಿ. ಬಾವಂಚಿಯ ಬೀಜದಿಂದಲೂ ಯಕೃತ್ತು ಕೆಟ್ಟ ರೋಗಿಗಳ ವರದಿಗಳಿವೆ. ಓಲೆಯಲ್ಲಿ ಕಂಡ ಪ್ರಮಾಣವನ್ನು ಇಂದಿನ ತೂಕಕ್ಕೆ ಪರಿವರ್ತಿಸಿ ಅಚ್ಚುಮಾಡುವ ಉತ್ಸಾಹಿಗಳು ಕರ್ಷ, ಪಲಗಳ ಮಾನ ಗ್ರಂಥದಿಂದ ಗ್ರಂಥಕ್ಕೆ, ಸೀಮೆಯಿಂದ ಸೀಮೆಗೆ ಬೇರೆಯಾಗುವುದನ್ನು ಯೋಚಿಸಬೇಕು.

ಹೀಗಿರುವುದರಿಂದ ಸಂಪಾದಕರಿಗೆ ಉಳಿಯುವ ಮಾರ್ಗ ಹಳೆಯದೇ. ಪ್ರತಿಯಲ್ಲಿದ್ದ ರೂಪವನ್ನು, ಸೊನ್ನೆ ಬಿದ್ದಿದ್ದರೆ ಬಿದ್ದಂತೆಯೇ, ಅಡಿಯಲ್ಲಿ ಕೊಡುವುದು. ನಿಘಂಟುಗಳ ಸಾಕ್ಷ್ಯವನ್ನೂ ಅಮೃತನಂದಿಯ ಅಕಾರಾದಿ ವೈದ್ಯನಿಘಂಟಿನಂತಹ ದೇಶ್ಯ ಆಧಾರಗಳನ್ನೂ ಮೊದಲು ಹೇಳುವುದು. ಆ ಸೀಮೆಯ ನಾಟಿವೈದ್ಯರು ಯಾವ ಗಿಡವನ್ನು ತೋರಿಸುತ್ತಾರೆಂಬುದನ್ನು ಅನಂತರ. ರಸಾಯನದ ಮಾತನ್ನು ಕಟ್ಟಕಡೆಗೆ, ಬೇರೆಯ ಟಿಪ್ಪಣಿಯಾಗಿ. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು 1940ರಲ್ಲಿ ಸೊಲ್ಲಾಪುರದಿಂದ ಹಿಂದೀ ಅನುವಾದದೊಡನೆ ಹೊರತಂದ ಉಗ್ರಾದಿತ್ಯನ ಕಲ್ಯಾಣಕಾರಕವನ್ನು ಇಂತಹ ಟಿಪ್ಪಣಿಗಳೊಡನೆ ಮತ್ತೆ ಪರಿಷ್ಕರಿಸುವ ಅಗತ್ಯವಿದೆ. ಆ ಗ್ರಂಥದಲ್ಲಿ ಉಗ್ರಾದಿತ್ಯನು ತನಗಿಂತ ಹಿಂದಿನವರನ್ನು ನೆನೆಯುತ್ತಾನೆ: ಶಾಲಾಕ್ಯಕ್ಕೆ ಪೂಜ್ಯಪಾದ, ಶಲ್ಯತಂತ್ರಕ್ಕೆ ಪಾತ್ರಸ್ವಾಮಿ, ವಿಷಕ್ಕೂ ಉಗ್ರಗ್ರಹಗಳಿಗೂ ಸಿದ್ಧಸೇನ, ಕಾಯಚಿಕಿತ್ಸೆಗೆ ದಶರಥಗುರು, ಬಾಲರೋಗಕ್ಕೆ ಮೇಘನಾದ. ಪಾತ್ರಸ್ವಾಮಿಯ ಶಲ್ಯತಂತ್ರವಾಗಲಿ ಮೇಘನಾದನ ಬಾಲವೈದ್ಯವಾಗಲಿ ಇದುವರೆಗೆ ಬೆಳಕಿಗೆ ಬಂದಿಲ್ಲ. ಸೂಚೀಪತ್ರಗಳಲ್ಲಿ 'ವೈದ್ಯ, ಅಪೂರ್ಣ, ಕರ್ತೃ ತಿಳಿಯದು' ಎಂದು ಒಂದೇ ಸಾಲಿನಲ್ಲಿ ನಮೂದಾಗಿರುವ ಕಟ್ಟುಗಳನ್ನು ಬಿಚ್ಚಿ ನೋಡುವ ಕೆಲಸ ಬಾಕಿಯಿದೆ.